ಏರೋಪ್ಲೇನ್ ಬೈಲಿನ ಅತಿಥಿ

ಪೋಸ್ಟ್‌ಮ್ಯಾನ್ ಗಂಗಣ್ಣ ತಂದುಕೊಟ್ಟ ಕಾಗದದಲ್ಲಿ ಇದ್ದದ್ದು ಎರಡೇ ಸಾಲು. ಬರುವ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ದೊಡ್ಡ ಅಧಿಕಾರಿ ಆದಿನಾರಾಯಣಪ್ಪನವರು ಇಲಾಖೆಯ ಪುಟ್ಟ ವಿಮಾನದಲ್ಲಿ ಪಾಳ್ಯದ ಬಯಲಿಗೆ ಇಳಿಯುತ್ತಾರೆ. ವೈರ್‌ಲೆಸ್ ಕೊಠಡಿಯ ಹಂಗಾಮಿ ನೌಕರನನ್ನು ಖಾಯಂ ಮಾಡುವ ಆದೇಶವನ್ನು ತಾವೇ ಕೈಗೆ ಕೊಡುತ್ತಾರೆ. ಹಂಗಾಮಿ ನೌಕರ ಆವಲಪ್ಪ ಆ ಕಾಗದವನ್ನು ಏಳು ಸಲ ಓದಿದ. ಎಂಟನೆಯ ಸಲಕ್ಕೆ ತಲೆಯೆತ್ತುವಷ್ಟರಲ್ಲಿ ಗಂಗಣ್ಣ ಅದನ್ನು ಊರಿಗೆಲ್ಲ ಓದಿ ಹೇಳಿಯಾಗಿತ್ತು.

ತೊಂದರೆ ಶುರುವಾದದ್ದು ಅಲ್ಲಿಂದ.

ದೊಡ್ಡಬೆಳವಂಗಲದಿಂದ ಎರಡು ಮೈಲಿ ಒಳಗಿರುವ ಈ ಪಾಳ್ಯಕ್ಕೂ ವಿಮಾನಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಕುದುರಿಸಿದವರು ಪಾಳ್ಯದವರಲ್ಲ. ಮಹಾಯುದ್ಧದ ಕಾಲದಲ್ಲಿ ಯಾವನೋ ಒಬ್ಬ ನಕ್ಷೆಯ ಮೇಲೆ ಒಂದು ಗೆರೆ ಎಳೆದ. ಗೆರೆಯ ಅಡಿಯಲ್ಲಿ ರಾಗಿ ಹೊಲಗಳಿದ್ದವು. ಅದರಲ್ಲೊಂದು ಆವಲಪ್ಪನ ಅಪ್ಪನದು. ಯುದ್ಧ ಮುಗಿಯಿತು, ಬಿಳಿಯರು ಹೋದರು, ಸ್ವಾತಂತ್ರ್ಯ ಬಂತು, ಹೊಲ ಮಾತ್ರ ಬರಲಿಲ್ಲ. ಊರವರ ಬಾಯಲ್ಲಿ ಅದು ‘ಏರೋಪ್ಲೇನ್ ಬೈಲು’ ಆಯಿತು. ಅದರ ಅಂಚಿಗೆ ಸರ್ಕಾರ ಒಂದು ಕೊಠಡಿ ಕಟ್ಟಿ, ಒಳಗೊಂದು ವೈರ್‌ಲೆಸ್ ಪೆಟ್ಟಿಗೆ ಇಟ್ಟು, ಅದರ ಮುಂದೆ ಆವಲಪ್ಪನನ್ನು ಕೂರಿಸಿತು.

ಗಂಟೆಗೊಮ್ಮೆ ಹೊರಗೆ ಬಂದು ಆಕಾಶ ನೋಡಬೇಕು. ಮೋಡ ಎಷ್ಟಿದೆ, ಗಾಳಿ ಯಾವ ಕಡೆಯದು, ಎಷ್ಟು ದೂರದವರೆಗೆ ಕಣ್ಣಿಗೆ ಕಾಣುತ್ತದೆ ಎಂಬುದನ್ನು ಪಟ್ಟಣದ ವಿಮಾನ ನಿಲ್ದಾಣದ ಟವರಿಗೆ ಹೇಳಬೇಕು. ಕಷ್ಟಕ್ಕೆ ಸಿಕ್ಕ ವಿಮಾನವೊಂದು ಇಲ್ಲಿ ಇಳಿಯಬೇಕೆಂದರೆ, ಇಳಿಯಬಹುದೋ ಬಾರದೋ ಎಂದು ಹೇಳುವ ಅಧಿಕಾರವೂ ಅವನದೇ. ಹನ್ನೊಂದು ವರ್ಷದಲ್ಲಿ ಅಲ್ಲಿ ಇಳಿದದ್ದು ಹದ್ದುಗಳು ಮಾತ್ರ. ಅವು ಅವನನ್ನು ಕೇಳಲಿಲ್ಲ.

ಅಧಿಕಾರ ಇಷ್ಟಿದ್ದರೂ ಕೆಲಸ ಎಂಬತ್ತೊಂಬತ್ತು ದಿನದ್ದು. ತೊಂಬತ್ತನೆಯ ದಿನ ಇಲಾಖೆ ಅವನನ್ನು ತೆಗೆದುಹಾಕುತ್ತಿತ್ತು. ತೊಂಬತ್ತೊಂದನೆಯ ದಿನ ಹೊಸಬನೆಂದು ಸೇರಿಸಿಕೊಳ್ಳುತ್ತಿತ್ತು. ಇದಕ್ಕೆ ಸರ್ಕಾರಿ ಭಾಷೆಯಲ್ಲಿ ‘ಬ್ರೇಕ್’ ಎಂದು ಹೆಸರು. ತೊಂಬತ್ತು ದಿನ ಒಂದೇ ಸಮ ದುಡಿದವನು ಎಲ್ಲಿ ಮನುಷ್ಯನಾಗಿಬಿಡುತ್ತಾನೋ ಎಂಬ ಭಯದಿಂದ ಮಾಡಿಟ್ಟ ಏರ್ಪಾಡು ಅದು. ಅಂಥದ್ದೇ ಒಂದು ಬ್ರೇಕಿನ ದಿನ ಆವಲಪ್ಪನ ಹೆಂಡತಿ ಕದಿರಮ್ಮ ಟ್ರಂಕು ಎತ್ತಿಕೊಂಡು ಹೊಸಲಿನಾಚೆ ನಿಂತಳು.

“ನಿಮ್ಮ ಸರ್ಕಾರ ಮೂರು ತಿಂಗ್ಳಿಗೊಂದು ಸಲ ನಿಮಗೆ ಬ್ರೇಕ್ ಕೊಡ್ತದಲ್ಲ, ನಾನೂ ಒಂದು ಬ್ರೇಕ್ ತಗೋತೀನಿ. ಪರ್ಮನೆಂಟಾದ ದಿನ ಹೇಳಿಕಳ್ಸಿ, ಬರ್ತೀನಿ.”

ಅವಳು ತೌರೂರು ಕುಂದಾಣಕ್ಕೆ ಹೋಗಿ ಎರಡು ವರ್ಷವಾಗಿತ್ತು. ಕುಂದಾಣವಿರುವುದು ಪಾಳ್ಯಕ್ಕೆ ಪೂರ್ವದಲ್ಲಿ. ಆವತ್ತಿನಿಂದ ಆವಲಪ್ಪನ ಹವಾ ವರದಿಯಲ್ಲಿ ಪೂರ್ವ ದಿಕ್ಕಿನ ವಿವರ ಹೆಚ್ಚಾಯಿತು. ಆ ಕಡೆ ಮೋಡ ಕಪ್ಪಗಾದರೆ, ಅವಳು ಹಿತ್ತಲಲ್ಲಿ ಒಣಹಾಕಿದ ಬಟ್ಟೆ ಎತ್ತಿದಳೋ ಇಲ್ಲವೋ ಎಂದು ಇಲ್ಲಿ ಇವನಿಗೆ ಕಳವಳ. ಇಡೀ ಮೈಸೂರು ರಾಜ್ಯದಲ್ಲಿ ಪೂರ್ವ ದಿಗಂತವನ್ನು ಇಷ್ಟು ಶ್ರದ್ಧೆಯಿಂದ ನೋಡುವ ನೌಕರ ಇನ್ನೊಬ್ಬನಿಲ್ಲ ಎಂದು ಟವರಿನವರು ಮೆಚ್ಚಿಕೊಂಡಿದ್ದರು. ಏನು ನೋಡುತ್ತಾನೆ ಎಂದು ಮಾತ್ರ ಕೇಳಿರಲಿಲ್ಲ.

ಎಪ್ಪತ್ತೊಂದನೇ ಇಸವಿಯ ಮೇ ತಿಂಗಳ ಆ ಬುಧವಾರ ಎಂಟು ಗಂಟೆಗೇ ಕೊಠಡಿಯ ಮುಂದೆ ಜಾತ್ರೆ ನೆರೆದಿತ್ತು. ಪಂಚಾಯಿತಿ ಮೆಂಬರ್ ಗೋಪಾಲಪ್ಪ ದೊಡ್ಡಬಳ್ಳಾಪುರದಿಂದ ಬ್ಯಾಂಡ್‌ಸೆಟ್ಟು ತರಿಸಿದ್ದ. ಮೊಣಕಾಲಿಗೆ ಬಡಿಯುವಷ್ಟು ಉದ್ದದ ಚೆಂಡು ಹೂವಿನ ಹಾರವನ್ನು ಹಾವಿನ ಹಾಗೆ ಕೈಗೆ ಸುತ್ತಿಕೊಂಡು ನಿಂತಿದ್ದ. ಪಕ್ಕದ ಮನೆಯ ಮುದುಕಿ ಪಿಳ್ಳಮ್ಮ ಕೊಠಡಿಯ ಹಿಂದೆ ಮೂರು ಕಲ್ಲು ಹೂಡಿ ಹುಂಜದ ಸಾರಿಗೆ ಇಟ್ಟಿದ್ದಳು.

“ಲೋ ಆವಲಪ್ಪ, ನಿನ್ನ ಸಾಹೇಬ್ರು ಮುದ್ದೆ ಉಣ್ತಾರೇನೋ?”

“ಅವರು ಹೊಸಕೋಟೆ ಸೀಮೆಯೋರು ಕಣಜ್ಜಿ. ಉಣ್ಣದೆ ಏನು?”

“ಸಾಹೇಬ್ರು ಇಳಿದ ತಕ್ಷಣ ನೀನು ಮುಂದೆ ಹೋಗ್ಬೇಡ,” ಎಂದ ಗೋಪಾಲಪ್ಪ. “ಮೊದಲು ಹಾರ, ಆಮೇಲೆ ನನ್ನ ಭಾಷಣ, ಆಮೇಲೆ ಊರಿನ ರಸ್ತೆ ವಿಷ್ಯ. ನಿನ್ನದು ಕೊನೇಲಿ. ಹನ್ನೊಂದು ವರ್ಷ ಕಾದೋನಿಗೆ ಅರ್ಧ ಗಂಟೆ ಏನು ಮಹಾ?”

ಆವಲಪ್ಪ ತಲೆಯಾಡಿಸಿದ. ಅವನ ಕಿವಿ ಇಲ್ಲಿರಲಿಲ್ಲ. ಸಾಯಂಕಾಲದ ಬಸ್ಸಿಗೆ ಕುಂದಾಣಕ್ಕೆ ತಾನೇ ಹೋಗುವುದೋ, ಹೇಳಿಕಳಿಸುವುದೋ ಎಂದು ಯೋಚಿಸುತ್ತಿದ್ದ. ಆದೇಶವನ್ನು ಅವಳ ಕೈಗೇ ಕೊಡಬೇಕು. ಓದಲಿ. ಏಳನೇ ಕ್ಲಾಸು ಪಾಸಾದವಳು, ತನಗಿಂತ ಎರಡು ಕ್ಲಾಸು ಮುಂದೆ.

ಹತ್ತೂವರೆಗೆ ಪೂರ್ವದ ಆಕಾಶ ಕಾದ ಬಾಣಲೆಯ ತಳದಂತಾಯಿತು. ಹತ್ತು ಮುಕ್ಕಾಲಿಗೆ ಗಾಳಿ ಎದ್ದು ಬ್ಯಾಂಡಿನವರ ಟೋಪಿಗಳನ್ನು ಹೊಲ ದಾಟಿಸಿತು. ಹನ್ನೊಂದಕ್ಕೆ ಸರಿಯಾಗಿ ನೆಲ್ಲಿಕಾಯಿ ಗಾತ್ರದ ಆಲಿಕಲ್ಲು ಬಿದ್ದವು. ಆವಲಪ್ಪ ನಿಯಮದ ಪ್ರಕಾರ ಬಯಲಿನ ನಡುವೆ ಓಡಿ ನಿಂತು ಸುತ್ತ ನೋಡಿದ. ಐವತ್ತು ಮಾರು ದೂರದ ಹುಣಿಸೆ ಮರ ಕಾಣಿಸಲಿಲ್ಲ. ನೆನೆದು ತೊಪ್ಪೆಯಾಗಿ ಒಳಗೆ ಬಂದರೆ, ಅಷ್ಟು ಜನವೂ ಬ್ಯಾಂಡ್ ಸಮೇತ ಆ ಹತ್ತಡಿ ಕೊಠಡಿಯೊಳಗೆ ನುಗ್ಗಿದ್ದರು. ದೊಡ್ಡ ಡೋಲು ಅವನ ಕುರ್ಚಿಯ ಮೇಲೆ ಕೂತಿತ್ತು.

ಪೆಟ್ಟಿಗೆ ಕರೆಯಿತು. ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ನನ ದನಿ. ಉತ್ತರದ ಕಡೆಯವನು, ಇಂಗ್ಲಿಷಿನಲ್ಲೇ ಮಾತು. ನಿಮ್ಮ ಮೇಲೆಯೇ ಇದ್ದೇವೆ, ಏನೂ ಕಾಣುತ್ತಿಲ್ಲ, ಇಳಿಯಬಹುದೆ ಎಂದು ಕೇಳಿದ.

ಇಂಥ ಸಮಯಕ್ಕೆಂದು ಆವಲಪ್ಪನಿಗೆ ಇಲಾಖೆ ಮೂವತ್ತೆರಡು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಸಿತ್ತು. ಅವನು ಕಣ್ಣು ಮುಚ್ಚಿಕೊಂಡು ಹದಿನಾಲ್ಕನೆಯದನ್ನು ಹೇಳಿದ. “ನೆಗೆಟಿವ್, ನೆಗೆಟಿವ್. ಡು ನಾಟ್ ಲ್ಯಾಂಡ್.”

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಮಾನದಲ್ಲಿ ಕ್ಯಾಪ್ಟನ್ನನ ಪಕ್ಕ ಕೂತಿದ್ದ ಆದಿನಾರಾಯಣಪ್ಪನವರಿಗೆ, ಹಂಗಾಮಿ ನೌಕರನೊಬ್ಬ ತಮಗೆ ಇಳಿಯಬೇಡ ಎನ್ನುವುದು ಸರಿಕಾಣಲಿಲ್ಲ. ಅವರು ಮೈಕು ಕಿತ್ತುಕೊಂಡರು.

“ಯಾರಪ್ಪಾ ಅದು, ಆವಲಪ್ಪನಾ? ನಾನು ಆದಿನಾರಾಯಣಪ್ಪ. ಕನ್ನಡದಲ್ಲಿ ಮಾತಾಡಯ್ಯ, ನಾವೇನು ಪರದೇಶದವರಾ? ನಿನ್ನ ಕಾಗದ ನನ್ನ ಚೀಲದಲ್ಲೇ ಇದೆ. ಏನು, ನಾವು ಬರೋದು ಬೇಡವಾ?”

ಇಂಗ್ಲಿಷಿನಲ್ಲಿ ಬೇಡ ಎನ್ನುವುದು ಸುಲಭ. ಅದು ನಾಲಿಗೆಯಿಂದ ಬರುತ್ತದೆ. ಕನ್ನಡದಲ್ಲಿ ಹೇಳಬೇಕಾದರೆ ಹೊಟ್ಟೆಯಿಂದ ಬರಬೇಕು, ಮತ್ತು ಆವಲಪ್ಪನ ವಂಶದಲ್ಲಿ ಬಾಗಿಲಿಗೆ ಬಂದವರಿಗೆ ಬರಬೇಡಿ ಎಂದು ಹೇಳಿದ ಹೊಟ್ಟೆ ಹುಟ್ಟಿರಲಿಲ್ಲ. ಹೊಲ ಅಳೆಯಲು ಸರಪಣಿ ಹಿಡಿದು ಬಂದವರನ್ನೂ ಅವನಪ್ಪ ಕೂರಿಸಿ ಮಜ್ಜಿಗೆ ಕೊಟ್ಟಿದ್ದ.

“ಬುಡ್ತು ಅನ್ನಿ ಸ್ವಾಮಿ! ಬೇಡ ಅನ್ನೋದುಂಟಾ? ತಾವು ಬರೋದು ನಮ್ಮ ಪುಣ್ಯ.”

“ಮತ್ತೆ ನೆಗೆಟಿವ್ ಅಂದೆ?”

“ಅದು ಇಲಾಖೆ ಮಾತು ಸ್ವಾಮಿ. ನನ್ನ ಮಾತಲ್ಲ.”

“ಹಂಗಾದ್ರೆ ಬರಬಹುದು?”

“ತಮ್ಮ ಮನೆಗೆ ತಾವು ಬರೋಕೆ ಕೇಳ್ಬೇಕಾ? ಆದ್ರೆ... ಅವಸರ ಏನಿಲ್ಲ ಸ್ವಾಮಿ. ನಿಧಾನವಾಗಿ ಬನ್ನಿ. ಮಧ್ಯಾಹ್ನದ ಮೇಲಾದ್ರೂ ಸರಿ. ನಾಳೆಯಾದ್ರೂ ಸರಿ...”

ನೆಲದ ಮೇಲಿರುವ ಯಾವ ಅತಿಥಿಯಾದರೂ ‘ನಾಳೆಯಾದ್ರೂ ಸರಿ’ ಎಂದ ಕೂಡಲೇ ಅರ್ಥಮಾಡಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ. ಐದು ಸಾವಿರ ಅಡಿ ಮೇಲಿನ ಅತಿಥಿಗೆ ಅದು ಬರೀ ಸಂಕೋಚವೆಂದು ಕೇಳಿಸಿತು. ಅವರಿಗೂ ತಮ್ಮ ಕಡೆಯ ಮರ್ಯಾದೆ ಇತ್ತಲ್ಲ!

“ಇಲ್ಲ ಇಲ್ಲ, ನಿನಗೇನೂ ತೊಂದ್ರೆ ಕೊಡಲ್ಲ ಮಾರಾಯ. ಬರ್ತೀವಿ, ಒಂದು ಲೋಟ ನೀರು ಕುಡೀತೀವಿ, ಹೋಗ್ತೀವಿ.”

“ನೀರಾ?” ಪಿಳ್ಳಮ್ಮ ಹಿಂದಿನಿಂದ ಕೂಗಿದಳು. “ಹುಂಜ ಕುಯ್ದಿದ್ದೀನಿ! ಉಣ್ಣದೆ ಹೋದ್ರೆ ನನ್ನಾಣೆ ಅಂತ ಹೇಳೋ!”

ಅಷ್ಟರಲ್ಲಿ ಪಟ್ಟಣದ ಟವರಿನ ದನಿ ನಡುವೆ ಬಂತು. ಪಾಳ್ಯದಲ್ಲಿ ಎಷ್ಟು ದೂರ ಕಾಣುತ್ತಿದೆ, ಬೇಗ ಹೇಳಿ ಎಂದು ಇಂಗ್ಲಿಷಿನಲ್ಲಿ ಒದರಿತು. ಆವಲಪ್ಪ ಬಾಯಿ ತೆರೆಯುವ ಮುನ್ನ ಗೋಪಾಲಪ್ಪ ಮೈಕಿಗೆ ಕೈ ಹಾಕಿದ.

“ನಮಸ್ಕಾರ ಸ್ವಾಮಿ, ನಾನು ಮೆಂಬರ್ ಗೋಪಾಲಪ್ಪ! ಬ್ಯಾಂಡ್‌ಸೆಟ್ಟು ತರಿಸಿದ್ದೀನಿ, ಹಾರ ಬಾಡ್ತಾ ಐತೆ, ದಯಮಾಡ್ಬೇಕು! ಏಯ್, ಬಾರ್ಸ್ರಲಾ!”

ಹತ್ತಡಿ ಕೊಠಡಿಯೊಳಗೆ ಬ್ಯಾಂಡ್‌ಸೆಟ್ಟು ಬಾರಿಸಿತು. ಟವರಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದ ಇಬ್ಬರು ಎದ್ದು ನಿಂತರಂತೆ. ವಿಮಾನದಲ್ಲಿ ಆದಿನಾರಾಯಣಪ್ಪನವರ ಮುಖ ಅರಳಿತು.

“ಬ್ಯಾಂಡ್‌ಸೆಟ್ಟು ಬೇರೆ ಮಾಡಿಸಿದ್ದೀರಾ! ಇದೆಲ್ಲ ಯಾಕಪ್ಪ? ಬಂದ್ವಿ, ಬಂದ್ವಿ.” ಆಮೇಲೆ ಕ್ಯಾಪ್ಟನ್ನನಿಗೆ ಇಂಗ್ಲಿಷಿನಲ್ಲಿ ಹೇಳಿದ್ದೂ ಕೇಳಿಸಿತು: ಅವರು ಪ್ರೀತಿಯಿಂದ ಕರೆಯುತ್ತಿದ್ದಾರೆ, ಇಳಿಸು.

ಮೋಡದ ಮೇಲಿಂದ ಗುಂಯ್‌ಗುಡುವ ಸದ್ದು ಕೆಳಗೆ ಬಂತು, ಗಡಿಗೆಯೊಳಗೆ ಸಿಕ್ಕಿಕೊಂಡ ದುಂಬಿಯ ಹಾಗೆ. ಮಾಡಿನ ತಗಡು ನಡುಗಿತು. ಆವಲಪ್ಪನ ಹಲ್ಲು ಕಟಕಟ ಅನ್ನುತ್ತಿದ್ದವು. ಚಳಿಗೋ ಭಯಕ್ಕೋ ಅವನಿಗೇ ತಿಳಿಯಲಿಲ್ಲ. ಎರಡು ವರ್ಷದಿಂದ ಪೂರ್ವಕ್ಕೆ ನೋಡಿ ನೋಡಿ ಸವೆದ ಅವನ ಕಣ್ಣಿಗೆ, ಕದಿರಮ್ಮ ಮನೆಗೆ ಬರುವ ದಾರಿ ಕಂಡದ್ದು ಆ ಚೀಲದೊಳಗೆ. ಚೀಲ ಇಳಿಯಬೇಕು. ಆದರೆ ಚೀಲ ಹಿಡಿದವರು ಇಳಿದರೆ ಹುಣಿಸೆ ಮರಕ್ಕೆ ಬಡಿದು ಸಾಯುತ್ತಾರೆ.

ಬರಬೇಡಿ ಎಂದೂ ಅನ್ನಬಾರದು, ಬಂದವರು ತಾವಾಗಿಯೇ ಹಿಂದಿರುಗಬೇಕು. ಅಂಥದ್ದೊಂದು ಮಾತು ಪಾಳ್ಯದ ಎಲ್ಲ ಮನೆಗಳಿಗೂ ಗೊತ್ತು. ಯಾರೂ ಅದನ್ನು ಸುಮ್ಮನೆ ಆಡುವುದಿಲ್ಲ. ಆವಲಪ್ಪ ಮೈಕನ್ನು ಗೋಪಾಲಪ್ಪನ ಕೈಯಿಂದ ಕಿತ್ತುಕೊಂಡ.

“ಸ್ವಾಮಿ, ಹೇಳ್ಬಾರ್ದು, ಹೇಳ್ತಾ ಇದ್ದೀನಿ. ನಮ್ಮಲ್ಲಿ ಅಮ್ಮ ಬಂದವ್ಳೆ.”

ಬ್ಯಾಂಡ್‌ಸೆಟ್ಟು ನಿಂತಿತು. ಸಿಡುಬನ್ನು ಆ ಸೀಮೆಯಲ್ಲಿ ಯಾರೂ ರೋಗವೆಂದು ಕರೆಯುವುದಿಲ್ಲ. ತಾಯಿ ಮನೆಗೆ ಬಂದಿದ್ದಾಳೆ ಎನ್ನುತ್ತಾರೆ. ಅವಳಿರುವ ಮನೆಗೆ ಇನ್ನೊಬ್ಬ ಅತಿಥಿ ಕಾಲಿಡುವಂತಿಲ್ಲ.

“ಅಯ್ಯೋ, ಮೊದಲೇ ಹೇಳಬಾರದೇನಯ್ಯ!” ಆದಿನಾರಾಯಣಪ್ಪನವರ ದನಿ ಕುಗ್ಗಿತು. “ತಪ್ಪಾಯ್ತು. ತಾಯಿಗೆ ಕೈ ಮುಗಿದೆ ಅಂತ ಹೇಳು. ಕ್ಯಾಪ್ಟನ್, ಗಾಡೆಸ್ ಹ್ಯಾಸ್ ಕಮ್! ಗೋ ಬ್ಯಾಕ್!”

ಹದಿನಾಲ್ಕು ವರ್ಷ ವಿಮಾನ ನಡೆಸಿದ ಕ್ಯಾಪ್ಟನ್ನನಿಗೆ ನೆಲದವರು ಇಂಥ ಕಾರಣ ಕೊಟ್ಟದ್ದು ಅದೇ ಮೊದಲು. ಆದರೂ ವಿಮಾನದ ಮೂತಿ ಮೇಲೆತ್ತಿದ. ಗುಂಯ್‌ಗುಡುವ ಸದ್ದು ದೂರವಾಗಿ, ಪಟ್ಟಣದ ಕಡೆ ಹೋಗಿ, ಸುಖವಾಗಿ ಇಳಿಯಿತು. ಚೀಲವೂ ಅದರ ಜೊತೆ ಹೋಯಿತು.

ಆವಲಪ್ಪ ಮೈಕನ್ನು ಪೆಟ್ಟಿಗೆಯ ಮೇಲಿಟ್ಟ. ಗೋಪಾಲಪ್ಪ ಹಾರ ನೆಲಕ್ಕೆಸೆದು, “ಯಾರ ಮನೇಲೋ ಅಮ್ಮ? ನನಗೆ ತಿಳೀದಂಗೆ ನನ್ನ ವಾರ್ಡಿಗೆ ಯಾವಾಗ್ಲೋ ಬಂದ್ಲು?” ಎಂದು ಕಿರುಚಿದ.

ಅದೇ ಪ್ರಶ್ನೆಯನ್ನು ಎರಡು ಗಂಟೆಗೆ ಜೀಪಿನಲ್ಲಿ ಬಂದ ಹೆಲ್ತ್ ಇನ್ಸ್‌ಪೆಕ್ಟರ್ ವೆಂಕಟರಮಣಪ್ಪನವರೂ ಕೇಳಿದರು. ಟವರಿನವರು ಕೇಳಿದ್ದನ್ನೆಲ್ಲ ಬರೆದಿಡುವವರು. ಕನ್ನಡ ಬಲ್ಲ ಒಬ್ಬ ಅದನ್ನು ಸಿಡುಬು ಎಂದು ಬಿಡಿಸಿ ಹೇಳಿದ್ದ. ದೇಶದಿಂದ ಸಿಡುಬನ್ನು ಅಟ್ಟಲೇಬೇಕೆಂದು ಸರ್ಕಾರ ಪಣ ತೊಟ್ಟಿದ್ದ ಕಾಲ ಅದು. ಹನ್ನೊಂದು ವರ್ಷ ಒಂದು ಸಹಿಗೆ ಅಲೆಸಿದ ಸರ್ಕಾರ ಇದಕ್ಕೆ ಮೂರೇ ಗಂಟೆಯಲ್ಲಿ ಓಡಿಬಂದಿತ್ತು. ಊರಿನ ಎರಡೂ ತುದಿಗೆ ಹಗ್ಗ ಕಟ್ಟಿದರು. ಒಳಗಿದ್ದವರು ಹದಿನೈದು ದಿನ ಹೊರಗೆ ಹೋಗುವಂತಿಲ್ಲ. ಬ್ಯಾಂಡಿನವರಿಂದ ಹಿಡಿದು ಹಸುಗೂಸಿನವರೆಗೆ ಎಲ್ಲರ ತೋಳಿಗೂ ಸಿಡುಬಿನ ದಾಕು ಚುಚ್ಚಿದರು.

“ರೋಗಿ ಎಲ್ಲಿ?” ಎಂದರು ವೆಂಕಟರಮಣಪ್ಪ.

“ಯಾರೂ ಇಲ್ಲ ಸ್ವಾಮಿ,” ಎಂದಿತು ಊರು.

“ಎಲ್ಲ ಊರಿನವರೂ ಹೀಗೇ ಅನ್ನೋದು. ಹೋದ ತಿಂಗಳು ಒಬ್ಬನನ್ನು ರಾಗಿ ತುಂಬೋ ಹಗೇವಿನಿಂದ ಎತ್ತಿದೀನಿ.”

ಹಗೇವು, ಅಟ್ಟ, ಕೊಟ್ಟಿಗೆ ಎಲ್ಲ ಹುಡುಕಿಸಿದರು. ಏನೂ ಸಿಗದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಕೊನೆಗೆ ಆವಲಪ್ಪ ಅವರನ್ನು ಪಕ್ಕಕ್ಕೆ ಕರೆದು, “ಸ್ವಾಮಿ, ನಾನೇ ಸುಳ್ಳು ಹೇಳ್ದೆ. ವಿಮಾನ ಉಳೀಲಿ ಅಂತ,” ಎಂದ.

“ಸರ್ಕಾರಿ ವೈರ್‌ಲೆಸ್‌ನಲ್ಲಿ ಸುಳ್ಳು ಹೇಳಿದೆ ಅಂತ ಬರೆದು ಸಹಿ ಹಾಕ್ತೀಯಾ?”

ಹಾಕಿದರೆ ಕೆಲಸ ಹೋಗುತ್ತದೆ, ಕದಿರಮ್ಮ ಬರುವುದೇ ಇಲ್ಲ. ಆವಲಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದ. ವೆಂಕಟರಮಣಪ್ಪ ಅವನ ಕೆಂಪು ಕಣ್ಣು, ನಡುಗುವ ಗದ್ದ ನೋಡಿ ಬಾಯಿಗೆ ಥರ್ಮಾಮೀಟರ್ ತುರುಕಿದರು. ನೂರಾ ಎರಡು.

“ನಮ್ಮಲ್ಲಿ ಬಂದಿದೆ ಅಂದವನೂ ನೀನೇ, ಜ್ವರ ಇರೋನೂ ನೀನೇ. ಹತ್ತು ಜೀಪಿಗೆ.”

“ಇದು ಆಲಿಕಲ್ಲಲ್ಲಿ ನೆಂದ ಜ್ವರ ಸ್ವಾಮಿ!”

“ರೋಗಿ ಇಲ್ಲ ಅಂತ ಬರೆಯೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲಪ್ಪ.”

ಐದು ಗಂಟೆಯಾಗಿತ್ತು. ಆವಲಪ್ಪನನ್ನು ಕಂಬಳಿ ಹೊದಿಸಿ ಜೀಪಿಗೆ ಹತ್ತಿಸುತ್ತಿದ್ದಾಗ ಹಗ್ಗದ ಹತ್ತಿರ ಗಲಾಟೆ ಕೇಳಿಸಿತು. ಸುದ್ದಿ ಮಧ್ಯಾಹ್ನದ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ಕುಂದಾಣಕ್ಕೆ ಹೋಗಿತ್ತು. ಹೋಗುವಾಗ ದಾರಿಯಲ್ಲಿ ಬೆಳೆದಿತ್ತು. ಏರೋಪ್ಲೇನ್ ಬೈಲಿನ ಆವಲಪ್ಪನಿಗೆ ಅಮ್ಮ ಬಂದು ಎರಡೂ ಕಣ್ಣು ಹೋದವಂತೆ ಎಂದು ಕೇಳಿದ ಕದಿರಮ್ಮ, ಕೈಯಲ್ಲಿ ಬೇವಿನ ಸೊಪ್ಪು, ಸೊಂಟದಲ್ಲಿ ಮೊಸರಿನ ಮಡಕೆ ಇಟ್ಟುಕೊಂಡು ಬಂದುಬಿಟ್ಟಿದ್ದಳು.

“ಒಳಗೆ ಹೋದ್ರೆ ಹದಿನೈದು ದಿನ ಆಚೆಗೆ ಬಿಡಲ್ಲ ಕಣಮ್ಮ,” ಎಂದ ಕಾವಲಿನವನು.

“ಆಚೆಗೆ ಯಾರು ಹೋಗ್ತಾರೆ? ಬುಡಯ್ಯ ಹಗ್ಗ!”

ಅವಳು ಬಗ್ಗಿ ಹಗ್ಗದ ಒಳಗೆ ಬಂದಳು. ಅದೇ ಕ್ಷಣಕ್ಕೆ ಜೀಪು ಹಗ್ಗದ ಹೊರಗೆ ಹೋಯಿತು. ಆವಲಪ್ಪ ಕಂಬಳಿ ಕಿತ್ತೆಸೆದು ಹಿಂದಿನಿಂದ ಅರ್ಧ ಮೈ ಹೊರಹಾಕಿದ.

“ಕದ್ರೀ! ನನಗೇನೂ ಆಗಿಲ್ಲ ಕಣೇ! ಕಣ್ಣೂ ಚೆನ್ನಾಗವೆ, ನೀನು ಕಾಣ್ತಾ ಇದ್ದೀಯ!”

“ಹಂಗನ್ಬಾರ್ದು!” ಕದಿರಮ್ಮ ಅಳುತ್ತ ಕೂಗಿದಳು. “ತಾಯಿ ಮುನಿಸ್ಕೋತಾಳೆ! ಆಗೈತೆ ಅನ್ನಿ!”

ಪಟ್ಟಣದ ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಎರಡನೇ ದಿನಕ್ಕೇ ಜ್ವರ ಬಿಟ್ಟಿತು. ಗುಳ್ಳೆಯೊಂದೂ ಏಳಲಿಲ್ಲ. ಆದರೂ ನಿಯಮದ ಪ್ರಕಾರ ಹದಿನಾರು ದಿನ ಇಟ್ಟುಕೊಂಡರು. ಗಂಟೆಗೊಮ್ಮೆ ಅವನು ಕಿಟಕಿಗೆ ಬಂದು ನಿಲ್ಲುತ್ತಿದ್ದ. ಈಗ ನೋಡಬೇಕಾದ್ದು ಪೂರ್ವಕ್ಕಲ್ಲ, ವಾಯವ್ಯಕ್ಕೆ. ಅಲ್ಲಿ ಅವನ ಮನೆಯಿತ್ತು, ಮನೆಯಲ್ಲಿ ಅವಳಿದ್ದಳು, ಇಲ್ಲಿ ಅವನಿದ್ದ. ಆ ಕಡೆ ಮೋಡವಾದ ದಿನ ಅವನ ಎದೆ ಹಿತವಾಗಿ ನೋಯುತ್ತಿತ್ತು. ಅವಳು ಈಗ ಎತ್ತಿಡುತ್ತಿರುವುದು ತನ್ನ ಪಂಚೆಯನ್ನೂ ಇರಬಹುದು.

ಹದಿನೇಳನೆಯ ದಿನ ಮೊದಲ ಬಸ್ಸಿಗೇ ಹೊರಟ. ಪಾಳ್ಯದ ದಾರಿಯಲ್ಲಿ ಹಗ್ಗವಿರಲಿಲ್ಲ. ಇಳಿದವನ ಎದುರಿಗೆ, ಅದೇ ಬಸ್ಸು ಹಿಂದಿರುಗುವುದನ್ನು ಕಾಯುತ್ತ, ಕದಿರಮ್ಮ ಅವನ ಟ್ರಂಕಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಗೋಪಾಲಪ್ಪ, ಪಿಳ್ಳಮ್ಮ.

“ಎಲ್ಲಿಗೆ...” ಎಂದು ಶುರುಮಾಡಿ ಆವಲಪ್ಪ ನಾಲಿಗೆ ಕಚ್ಚಿಕೊಂಡ. ಹೊರಟವರನ್ನು ಹಾಗೆ ಕೇಳಬಾರದು. “ದೂರ ಹೊರಟ್ಯಾ?”

“ನೀವು ಹೋದ ದಿನ ಆ ಪೆಟ್ಟಿಗೆ ಒಂದೇ ಸಮ ಬಡ್ಕೋತಾ ಇತ್ತು,” ಎಂದಳು ಕದಿರಮ್ಮ. “ನಿಮ್ಮ ಕೆಲಸಕ್ಕೆ ಕುತ್ತಾಗ್ದೇ ಇರ್ಲಿ ಅಂತ ನಾನೇ ಕೂತ್ಕೊಂಡೆ. ಆಕಾಶ ನೋಡೋಕೆ ಏನು ಕಷ್ಟ? ಇಳೀಲಾ ಅಂತ ಒಬ್ಬ ಕೇಳ್ದ. ಮಳೆ ಐತೆ, ಬೇಡ ಅಂದೆ. ಇನ್ನೊಬ್ಬ ಕೇಳ್ದ. ಅವನಿಗೂ ಬೇಡ ಅಂದೆ.”

“ಮೂರನೆಯವರು ಸಾಹೇಬ್ರು, ತಾಯಿ ಹೋದ್ಲಾ, ಇಳೀಲಾ ಅಂತ ಕೇಳಿದ್ರು!” ಗೋಪಾಲಪ್ಪ ಬಾಯಿ ಹಾಕಿದ. “ಅವರಿಗೂ ಮುಖ ಮೋರೆ ನೋಡ್ದೆ ಬೇಡ ಅಂದ್ಲು ಕಣೋ! ಇಷ್ಟು ನೆಟ್ಟಗೆ ಮಾತಾಡೋರು ಇಲಾಖೇಲೇ ಇಲ್ಲ ಅಂತ, ನೆನ್ನೆ ಜೀಪಲ್ಲಿ ಅವರೇ ಬಂದಿದ್ರು.”

ಕದಿರಮ್ಮ ಸೆರಗಿನಿಂದ ಕಾಗದ ತೆಗೆದು ಕೊಟ್ಟಳು. ಆವಲಪ್ಪ ಓದಿದ. ಆದೇಶದ ದಿನಾಂಕದಂದು ಸದರಿ ಕೊಠಡಿಯಲ್ಲಿ ಸೇವೆಯಲ್ಲಿರುವ ವ್ಯಕ್ತಿಯನ್ನು ಖಾಯಂ ಮಾಡಲಾಗಿದೆ. ಹೆಸರಿರಲಿಲ್ಲ. ದಿನಾಂಕ ನಿನ್ನೆಯದು. ಕೆಳಗೆ, ದುಂಡಗಿನ ಏಳನೇ ಕ್ಲಾಸಿನ ಅಕ್ಷರದಲ್ಲಿ, ಆದೇಶ ಪಡೆದುಕೊಂಡದ್ದಕ್ಕೆ ಅವಳ ಸಹಿ.

“ನಾನು ಬೇಡ ಅಂದೆ. ಮನೇಲಿ ಯಾರಾದ್ರೂ ಒಬ್ರು ಪರ್ಮನೆಂಟಾಗ್ಲಿ ತಗೊಳ್ಳಮ್ಮ ಅಂದ್ರು ಸಾಹೇಬ್ರು,” ಎಂದಳು. “ಎಂಟು ತಿಂಗಳು ಟ್ರೈನಿಂಗಂತೆ, ಉತ್ತರದೇಶದಲ್ಲಿ. ಇವತ್ತೇ ರೈಲು. ಅಲ್ಲೀವರೆಗೂ ಈ ಕೊಠಡೀಲಿ ನೀವೇ ಹಂಗಾಮಿ ಅಂತೆ.”

ಬಸ್ಸು ತಿರುಗಿ ಬಂದು ನಿಂತು ಹಾರನ್ ಹೊಡೆಯಿತು. ಗೋಪಾಲಪ್ಪ ಟ್ರಂಕು ಮೇಲಕ್ಕೆ ಕೊಟ್ಟ. ಕದಿರಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ನೆಲದಲ್ಲೇ ಬಿಟ್ಟು, ತಿರುಗಿ ನೋಡಿದಳು.

“ಕಾಗದ ವಾಪಸ್ ಕೊಟ್ರೂ ಆಗ್ತದೆ. ನೀವು ಒಂದು ಮಾತು ಬೇಡ ಅನ್ನಿ, ಇಳಿದ್ಬಿಡ್ತೀನಿ.”

ಕಂಡಕ್ಟರ್ ಕಾದ. ಪಿಳ್ಳಮ್ಮ ಕಾದಳು. ಆವಲಪ್ಪ ಅಭ್ಯಾಸಬಲದಿಂದ ತಲೆಯೆತ್ತಿ ಆಕಾಶ ನೋಡಿದ.

“ಹುಷಾರಾಗಿ ಹೋಗ್ಬಾ,” ಎಂದ. “ಅಲ್ಲಿ ಚಳಿಯಂತೆ.”